ಗೋಷ್ಠಿಗಾಯನ ಮತ್ತು ಅದರ ನೇತೃತ್ವ

ಕರ್ನಾಟಕ ಸಂಗೀತದಲ್ಲಿ ಹಲವರು ಒಂದೇ ಶ್ರುತಿಗೆ, ಒಂದೇ ಕಾಲಪ್ರಮಾಣಕ್ಕೆ, ಒಂದೇ ಪಾಠಾಂತರಕ್ಕೆ ಒಪ್ಪಿಕೊಂಡು ಕೂಡಿ ಹಾಡುವುದಕ್ಕೆ ಗೋಷ್ಠಿಗಾಯನವೆಂದು ಹೆಸರು. ಬೆಂಗಳೂರಿನ ದಕ್ಷಿಣ ಭಾಗದಲ್ಲಿ, ಬಸವನಗುಡಿಯಿಂದ ಹಿಡಿದು ಜಯನಗರ, ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳವರೆಗೆ, ಶಾಸ್ತ್ರೀಯ ಸಂಗೀತ ಅತಿ ಹೆಚ್ಚು ಜನರ ಬಾಯಿಗೆ ಬಂದಿರುವುದು ಈ ರೂಪದಲ್ಲಿ. ತ್ಯಾಗರಾಜರ ಆರಾಧನೆಯ ಆಹ್ವಾನಪತ್ರಿಕೆ ತೆರೆದರೆ ಕಚೇರಿಗಳ ಪಟ್ಟಿಗಿಂತ ಮೊದಲು ಒಂದು ಸಾಲು ಕಾಣುತ್ತದೆ: ಪಂಚರತ್ನ ಕೃತಿಗಳ ಗೋಷ್ಠಿಗಾಯನ, ಅದರ ಕೆಳಗೆ 'ನೇತೃತ್ವ' ಎಂಬ ಪದ, ಪಕ್ಕದಲ್ಲಿ ಒಬ್ಬ ವಿದ್ವಾಂಸರ ಅಥವಾ ವಿದುಷಿಯ ಹೆಸರು. ಆ ಪದದ ಹಿಂದಿರುವ ಕೆಲಸ, ಆ ಕೆಲಸಕ್ಕೆ ಒಬ್ಬ ಗಾಯಕ ಬಂದು ಸೇರುವ ದಾರಿ, ಇವು ಈ ಲೇಖನದ ವಿಷಯ.

ಪಾಶ್ಚಾತ್ಯ ವಾದ್ಯಮೇಳದ ಕಂಡಕ್ಟರನಿಗೂ ನಮ್ಮ ಗೋಷ್ಠಿಯ ನಾಯಕನಿಗೂ ಮೂಲದಲ್ಲೇ ಅಂತರವಿದೆ. ಕಂಡಕ್ಟರ್ ಸಭೆಗೆ ಬೆನ್ನು ಹಾಕಿ ನಿಂತು, ಕೈಯಲ್ಲಿ ಕಡ್ಡಿ ಹಿಡಿದು, ತಾನು ಒಂದು ಸ್ವರವನ್ನೂ ನುಡಿಸದೆ ಇತರರಿಂದ ನುಡಿಸುತ್ತಾನೆ. ನಮ್ಮ ನಾಯಕ ಮೊದಲ ಸಾಲಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ತೊಡೆಯ ಮೇಲೆ ತಾಳ ಹಾಕುತ್ತ, ಉಳಿದವರಿಗಿಂತ ಒಂದು ಎಳೆ ಗಟ್ಟಿಯಾಗಿ ಹಾಡುತ್ತಲೇ ಹಾಡಿಸುತ್ತಾನೆ. ಅವನ ಅಧಿಕಾರವೆಲ್ಲ ಅವನ ದನಿಯಲ್ಲಿದೆ. ಆ ದನಿಯನ್ನು ಹಿಂಬಾಲಿಸಿ ಹಾಡುವುದನ್ನು ಕೂತವರು ಕಲಿತದ್ದು ಆ ದಿನ ವೇದಿಕೆಯ ಮೇಲಲ್ಲ. ವರ್ಷಗಟ್ಟಲೆ ಅವನ ಮನೆಯ ನಡುಮನೆಯಲ್ಲಿ, ಚಾಪೆಯ ಮೇಲೆ. ಆದ್ದರಿಂದ ಗೋಷ್ಠಿಯ ನೇತೃತ್ವವನ್ನು ಕಚೇರಿ ಗಾಯನದ ಒಂದು ಶಾಖೆಯಾಗಿ ಕಾಣುವುದು ತಪ್ಪು. ಅದು ಪಾಠ ಹೇಳುವ ವಿದ್ಯೆಯ ಬಹಿರಂಗ ರೂಪ.

ಆರಾಧನೆಯಿಂದ ಬಂದ ಕ್ರಮ

ಕೂಡಿ ಹಾಡುವುದು ಕನ್ನಡ ನಾಡಿಗೆ ಹೊಸತಲ್ಲ. ದಾಸಕೂಟದವರು ತಂಬೂರಿ, ಚಿಟಿಕೆ, ಗೆಜ್ಜೆಗಳೊಡನೆ ಊರೂರು ಅಲೆದು ಹಾಡಿದ್ದು, ಗುಡಿಗಳ ಶನಿವಾರದ ಭಜನೆ, ಏಕಾದಶಿಯ ಜಾಗರಣೆ ಎಲ್ಲವೂ ಗುಂಪಿನ ಹಾಡಿಕೆಯೇ. ಭಜನೆಯಲ್ಲಿ ಒಬ್ಬರು ಹೇಳಿಕೊಡುತ್ತಾರೆ, ಉಳಿದವರು ತಿರುಗಿ ಹೇಳುತ್ತಾರೆ. ಗೋಷ್ಠಿಗಾಯನದಲ್ಲಿ ಹಾಗಿಲ್ಲ. ಎಲ್ಲರೂ ಇಡೀ ಕೃತಿಯನ್ನು, ಸ್ವರ, ಸಾಹಿತ್ಯ, ಸಂಗತಿ ಸಮೇತ, ಮೊದಲಿಂದ ಕೊನೆಯವರೆಗೆ ಒಟ್ಟಿಗೆ ಹಾಡಬೇಕು. ಈ ಕಟ್ಟುನಿಟ್ಟು ಬಂದದ್ದು ತಿರುವಯ್ಯಾರಿನಿಂದ.

ತಿರುವಯ್ಯಾರಿನ ಕಥೆಯಲ್ಲಿ ಕನ್ನಡಿಗರ ಪಾಲು ದೊಡ್ಡದು. ತ್ಯಾಗರಾಜರು (1767–1847) ಕಾವೇರಿ ದಡದಲ್ಲಿ ಸಮಾಧಿಯಾದ ಮೇಲೆ ಆ ಸ್ಥಳ ಬಹುಕಾಲ ಪಾಳು ಬಿದ್ದಿತ್ತು. ಅದನ್ನು ಹುಡುಕಿಸಿ, ತಮ್ಮ ಗಳಿಕೆಯನ್ನೆಲ್ಲ ಸುರಿದು, ಮಂಟಪ ಕಟ್ಟಿಸಿ, 1926ರ ಜನವರಿಯಲ್ಲಿ ಪ್ರತಿಷ್ಠೆ ಮಾಡಿಸಿದವರು ಬೆಂಗಳೂರು ನಾಗರತ್ನಮ್ಮ (1878–1952). ನಂಜನಗೂಡಿನ ಮಗಳು, ಮೈಸೂರು ಬೆಂಗಳೂರುಗಳಲ್ಲಿ ಬೆಳೆದು ಮದ್ರಾಸಿನಲ್ಲಿ ನೆಲೆಸಿದ ಗಾಯಕಿ. ತಾವೇ ಕಟ್ಟಿಸಿದ ಸನ್ನಿಧಿಯಲ್ಲಿ ಹೆಂಗಸರು ಹಾಡಬಾರದೆಂದು ಆರಾಧನೆ ನಡೆಸುತ್ತಿದ್ದ ಪಂಗಡಗಳು ತಡೆದಾಗ ಅವರು ಹಿಂದಿನ ಬದಿಯಲ್ಲಿ ಹೆಂಗಸರದೇ ಆರಾಧನೆ ಆರಂಭಿಸಿದರು. 1940ರ ಆಸುಪಾಸಿನಲ್ಲಿ ಪಂಗಡಗಳು ಒಂದಾದವು, ಹೆಂಗಸರಿಗೂ ಜಾಗ ದೊರೆಯಿತು. ತ್ಯಾಗರಾಜರ ಐದು ಪಂಚರತ್ನ ಕೃತಿಗಳನ್ನು ಎಲ್ಲರೂ ಕೂಡಿ ಹಾಡುವ ಕ್ರಮ ನೆಲೆಗೊಂಡದ್ದೂ ಆ ಕಾಲಕ್ಕೇ. ಒಬ್ಬೊಬ್ಬರಾಗಿ ಹಾಡಿದರೆ ಯಾರು ಮೊದಲು, ಯಾರು ಕೊನೆ ಎಂಬ ಜಗಳ. ಕೂಡಿ ಹಾಡಿದರೆ ಆ ಪ್ರಶ್ನೆಯೇ ಏಳುವುದಿಲ್ಲ. ಇಂದು ಜಯನಗರದ ಗೋಷ್ಠಿಗಳಲ್ಲಿ ಹಾಡುವವರಲ್ಲಿ ಬಹುಪಾಲು ಹೆಂಗಸರು. ಅವರು ಕೂರುವ ಆ ಜಾಗವನ್ನು ಗಳಿಸಿಕೊಟ್ಟಾಕೆಯ ಹೆಸರಿನಲ್ಲೇ 'ಬೆಂಗಳೂರು' ಇದೆ ಎಂಬುದನ್ನು ಪ್ರತಿ ಆರಾಧನೆಯಲ್ಲೂ ಒಮ್ಮೆ ಹೇಳಬೇಕು ಎಂದು ಈ ಲೇಖಕನಿಗೆ ಅನ್ನಿಸುತ್ತದೆ.

ಪಂಚರತ್ನಗಳು ಗೋಷ್ಠಿಗೆ ಒದಗಿದ್ದಕ್ಕೆ ಅವುಗಳ ರಚನೆಯೇ ಕಾರಣ. ನಾಟ, ಗೌಳ, ಆರಭಿ, ವರಾಳಿ, ಶ್ರೀ ಎಂಬ ಐದು ಘನರಾಗಗಳು, ಐದಕ್ಕೂ ಆದಿತಾಳ, ಮೊದಲನೆಯದು ಸಂಸ್ಕೃತ, ಮಿಕ್ಕವು ತೆಲುಗು. ಚರಣಗಳೆಲ್ಲ ಸ್ವರ ಮತ್ತು ಅದಕ್ಕೆ ಕೂರಿಸಿದ ಸಾಹಿತ್ಯವಾಗಿ ಮೊದಲೇ ಕಟ್ಟಿಟ್ಟವು. ನೆರವಲ್ ಇಲ್ಲ, ಕಲ್ಪನಾಸ್ವರ ಇಲ್ಲ, ಹಾಡುವವನ ಮನೋಧರ್ಮಕ್ಕೆ ಬಿಟ್ಟ ಖಾಲಿ ಜಾಗ ಬಹಳ ಕಡಿಮೆ. ಒಬ್ಬನೇ ಹಾಡುವಾಗ ಇದು ಮಿತಿಯೆನಿಸಬಹುದು, ಮುನ್ನೂರು ಜನಕ್ಕೆ ಇದೇ ಆಸರೆ. ಇದನ್ನು ಅನುಸರಿಸಿಯೇ ಪುರಂದರದಾಸರ ಒಂಬತ್ತು ರಚನೆಗಳನ್ನು ಆಯ್ದು ಜೋಡಿಸಿದ ನವರತ್ನ ಮಾಲಿಕೆ ಕರ್ನಾಟಕದ ಗೋಷ್ಠಿಗಳಲ್ಲಿ ಸ್ಥಾನ ಪಡೆಯಿತು. ಕನ್ನಡ ಬಾಯಿಗೆ ಅರ್ಥ ಸಮೇತ ಒಗ್ಗುವ ಸಾಹಿತ್ಯ ಅದು. ತೆಲುಗು ಕೃತಿಯಲ್ಲಿ ಪದ ಒಡೆಯಬಾರದ ಕಡೆ ಒಡೆದರೂ ಗೊತ್ತಾಗದ ಗುಂಪು ದಾಸರ ಪದದಲ್ಲಿ ಹಾಗೆ ಮಾಡಿದರೆ ತಾನೇ ನಿಂತು ಸರಿಪಡಿಸಿಕೊಳ್ಳುತ್ತದೆ.

ಹಾಡಿಸುವ ಕೆಲಸ

ನಾಯಕನ ಮೊದಲ ತೀರ್ಮಾನ ಶ್ರುತಿಯದು. ಗಂಡಸರ ಶ್ರುತಿ ಸಾಮಾನ್ಯವಾಗಿ ಒಂದು ಮನೆಯಿಂದ ಎರಡೂವರೆ ಮನೆಯೊಳಗೆ. ಹೆಂಗಸರದು ಐದು, ಐದೂವರೆ, ಆರು. ಹಾರ್ಮೋನಿಯಂ ಮನೆಗಳಿಂದ ಬಂದ ಈ ಲೆಕ್ಕದಲ್ಲಿ ಎರಡು ಗುಂಪುಗಳ ನಡುವೆ ಹೆಚ್ಚುಕಡಿಮೆ ಪಂಚಮದಷ್ಟು ದೂರ. ಐದಕ್ಕೆ ಇಟ್ಟರೆ ಗಂಡಸರು ಮೇಲಿನ ಷಡ್ಜದ ಹತ್ತಿರ ದನಿ ಕುಗ್ಗಿಸಿ ಕೆಳಗಿನ ಸ್ಥಾಯಿಗೆ ಇಳಿಯುತ್ತಾರೆ. ನಾಲ್ಕಕ್ಕೆ ಇಳಿಸಿದರೆ ಹೆಂಗಸರ ಮಂದ್ರದ ಸಂಗತಿಗಳು ಕೇಳಿಸದಂತಾಗುತ್ತವೆ. ಯಾವ ಶ್ರುತಿಯೂ ಎಲ್ಲರಿಗೂ ಹಿತವಲ್ಲ. ಅನುಭವಿ ನಾಯಕರು ಕೂತವರಲ್ಲಿ ಹೆಚ್ಚಿನವರು ಯಾರೆಂದು ಒಮ್ಮೆ ಕಣ್ಣು ಹಾಯಿಸಿ, ಶ್ರುತಿಪೆಟ್ಟಿಗೆಯನ್ನು ಅವರ ಕಡೆಗೆ ಅರ್ಧ ಮನೆ ಸರಿಸುತ್ತಾರೆ.

ಎರಡನೆಯದು ಪಾಠಾಂತರ. ಒಂದೇ ಕೃತಿಗೆ ಶಿಷ್ಯಪರಂಪರೆಗೊಂದು ಸಂಗತಿ. ಒಂದು ಮನೆಯಲ್ಲಿ ಪಲ್ಲವಿಗೆ ಮೂರು ಸಂಗತಿ ಕಲಿತವರ ಪಕ್ಕದಲ್ಲಿ ಏಳು ಸಂಗತಿ ಕಲಿತವರು ಕೂತಿರುತ್ತಾರೆ. ಎಲ್ಲರೂ ತಮ್ಮ ಗುರುಗಳ ಪಾಠವೇ ಸರಿ ಎಂದು ನಂಬಿದವರು, ಮತ್ತು ಹಾಗೆ ನಂಬುವುದು ತಪ್ಪೇನಲ್ಲ. ಆದರೆ ಎರಡು ಪಾಠ ಒಟ್ಟಿಗೆ ಎದ್ದರೆ ಕಿವಿಗೆ ಬೀಳುವುದು ಗಲಾಟೆ. ಆದ್ದರಿಂದ ಆರಾಧನೆಗೆ ಕೆಲವು ವಾರ ಮೊದಲೇ ಅಭ್ಯಾಸದ ಕೂಟಗಳು ನಡೆಯುತ್ತವೆ. ಅಲ್ಲಿ ಕಲಿಸುವುದಕ್ಕಿಂತ ಬಿಡಿಸುವುದೇ ಹೆಚ್ಚು: ಈ ಸಂಗತಿ ಬೇಡ, ಇಲ್ಲಿ ಗಮಕ ಇಷ್ಟೇ ಸಾಕು, ಇಲ್ಲಿ ಉಸಿರು ತೆಗೆದುಕೊಳ್ಳಿ. ನಲವತ್ತು ವರ್ಷ ಒಂದು ರೀತಿಯಲ್ಲಿ ಹಾಡಿಕೊಂಡು ಬಂದ ಹಿರಿಯ ಮಹಿಳೆಗೆ "ಅಮ್ಮಾ, ಇವತ್ತೊಂದು ದಿನ ನಮ್ಮ ಜೊತೆ ಹೀಗೆ ಹಾಡಿಬಿಡಿ" ಎಂದು ಮನಸ್ಸು ನೋಯದಂತೆ ಹೇಳುವುದು ಈ ವಿದ್ಯೆಯ ಅತಿ ಕಷ್ಟದ ಭಾಗ. ಯಾವ ಸಂಗೀತ ಪರೀಕ್ಷೆಯ ಪಠ್ಯದಲ್ಲೂ ಇದಿಲ್ಲ.

ಆಮೇಲೆ ಕಾಲಪ್ರಮಾಣ. ದೊಡ್ಡ ಗುಂಪು ಯಾವಾಗಲೂ ಓಡಲು ನೋಡುತ್ತದೆ, ಅದರಲ್ಲೂ ಸ್ವರದ ಭಾಗ ಮುಗಿದು ಸಾಹಿತ್ಯಕ್ಕೆ ಬಂದಾಗ. ಹಿಂದಿನ ಸಾಲುಗಳದು ಇದಕ್ಕೆ ತಿರುಗಾಮುರುಗಾ ಸಮಸ್ಯೆ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುತ್ತದೆ. ನಾಯಕನಿಂದ 34 ಮೀಟರ್ ದೂರ ಕೂತವರಿಗೆ ಅವನ ದನಿ ಸೆಕೆಂಡಿನ ಹತ್ತರಲ್ಲೊಂದು ಭಾಗ ತಡವಾಗಿ ಮುಟ್ಟುತ್ತದೆ. ನಿಮಿಷಕ್ಕೆ 80 ಎಣಿಕೆಯ ನಡೆಯಲ್ಲಿ ಒಂದು ಎಣಿಕೆಗೆ ನಾಲ್ಕು ಸ್ವರವೆಂದರೆ ಒಂದು ಸ್ವರದ ಆಯುಸ್ಸು ಸೆಕೆಂಡಿನ ಐದರಲ್ಲೊಂದು ಭಾಗಕ್ಕೂ ಕಡಿಮೆ. ಅಂದರೆ ಕೇಳಿಸಿಕೊಂಡು ಹಾಡುವವರು ಅರ್ಧ ಸ್ವರಕ್ಕೂ ಹೆಚ್ಚು ಹಿಂದೆ ಉಳಿಯುತ್ತಾರೆ. ಇದಕ್ಕಿರುವ ಪರಿಹಾರ ಕಣ್ಣು. ಗುಡಿಯ ಪ್ರಾಂಗಣದಲ್ಲೋ ಮೈದಾನದ ಪೆಂಡಾಲಿನಲ್ಲೋ ನಾಯಕರು ತಾಳದ ಕೈಯನ್ನು ತೊಡೆಯಿಂದ ಎತ್ತಿ ಎದೆಯ ಮಟ್ಟಕ್ಕೆ ತರುವುದು ಅದಕ್ಕೇ. ಆದಿತಾಳದ ಎಂಟು ಎಣಿಕೆಯಲ್ಲಿ ಘಾತ, ಮೂರು ಬೆರಳೆಣಿಕೆ, ಮತ್ತೆ ಎರಡು ಸಲ ಘಾತ ಮತ್ತು ಹುಸಿ, ಇಷ್ಟೂ ದೂರಕ್ಕೆ ಕಾಣುವಂತೆ ಬೀಳಬೇಕು. ಮುನ್ನೂರು ಕೈಗಳು ಒಟ್ಟಿಗೆ ಮಗುಚಿಕೊಳ್ಳುವ ಆ ಹುಸಿಯನ್ನು ಒಮ್ಮೆ ನೋಡಿದವರಿಗೆ ಗೋಷ್ಠಿ ಏಕೆ ಜನರನ್ನು ಸೆಳೆಯುತ್ತದೆಂದು ವಿವರಿಸಬೇಕಿಲ್ಲ.

ಎಡವುವ ಜಾಗಗಳನ್ನೂ ನಾಯಕ ಬಲ್ಲವನಾಗಿರಬೇಕು. ಆರಭಿಯ ಕೃತಿಯಲ್ಲಿ ಪ್ರತಿ ಚರಣ ಮುಗಿದಾಗ ಮರಳುವುದು ಪಲ್ಲವಿಯ ಮೊದಲ ಸಾಲಿಗಲ್ಲ, ಬೇರೊಂದು ಸಾಲಿಗೆ. ಅಭ್ಯಾಸಬಲದಿಂದ ಪಲ್ಲವಿಗೆ ಹಾರುವವರು ಪ್ರತಿ ಸಲ ನಾಲ್ಕಾರು ಮಂದಿ ಸಿಗುತ್ತಾರೆ. ವರಾಳಿಯದು ಇನ್ನೊಂದು ಬಗೆಯ ಕಷ್ಟ. ಆ ರಾಗವನ್ನು ಗುರು ನೇರವಾಗಿ ಶಿಷ್ಯನಿಗೆ ಹೇಳಿಕೊಡಬಾರದು, ಹೇಳಿಕೊಟ್ಟರೆ ಸಂಬಂಧ ಕೆಡುತ್ತದೆ ಎಂಬ ನಂಬಿಕೆ ಹಳೆಯ ಮನೆಗಳಲ್ಲಿ ಇಂದಿಗೂ ಉಂಟು. ಹಾಗಾಗಿ ನಾಲ್ಕನೆಯ ಕೃತಿಗೆ ಬಂದಾಗ ದನಿಗಳು ತೆಳುವಾಗುತ್ತವೆ, ನಾಯಕನ ದನಿ ಒಂಟಿಯಾಗಿ ಮೇಲೆ ಕಾಣುತ್ತದೆ. ಆದರೆ ಕೇಳಿ ಕಲಿತರೆ ದೋಷವಿಲ್ಲವಲ್ಲ! ಪಾಠದಲ್ಲಿ ಕಲಿಯಲಾಗದ ವರಾಳಿಯನ್ನು ಎಷ್ಟೋ ಜನ ಗೋಷ್ಠಿಯಲ್ಲೇ, ವರ್ಷಕ್ಕೊಮ್ಮೆ ಕೇಳುತ್ತ, ಹತ್ತು ವರ್ಷಕ್ಕೆ ತಮ್ಮದಾಗಿಸಿಕೊಂಡಿದ್ದಾರೆ.

ಗೋಷ್ಠಿಗಾಯನದ ಮೇಲೆ ಒಂದು ಆಕ್ಷೇಪ ಹಳೆಯದು: ಕರ್ನಾಟಕ ಸಂಗೀತದ ಜೀವ ಮನೋಧರ್ಮದಲ್ಲಿದೆ, ಅದನ್ನು ತೆಗೆದಿಟ್ಟು ಗುಂಪಾಗಿ ಹಾಡುವುದರಿಂದ ಸೂಕ್ಷ್ಮ ಗಮಕಗಳು ಸವೆಯುತ್ತವೆ. ಗಮಕ ಸವೆಯುತ್ತದೆಂಬುದು ನಿಜ. ಕಾಂಭೋಜಿ, ತೋಡಿಗಳ ವಿಸ್ತಾರವನ್ನು ಗೋಷ್ಠಿಯಿಂದ ಯಾರೂ ನಿರೀಕ್ಷಿಸುವುದಿಲ್ಲ. ಆದರೆ ಕೃತಿಯನ್ನು ಜನರ ನೆನಪಿನಲ್ಲಿ ಉಳಿಸುವ ಕೆಲಸ ಕಚೇರಿಯಿಂದ ಆಗುವುದಿಲ್ಲ. ಕಚೇರಿಗೆ ಬಂದವನು ಕೇಳಿ ತಲೆದೂಗಿ ಮನೆಗೆ ಹೋಗುತ್ತಾನೆ. ಗೋಷ್ಠಿಗೆ ಬಂದವಳು ಹಾಡಿಕೊಂಡು ಮನೆಗೆ ಹೋಗುತ್ತಾಳೆ.

ರುದ್ರಪಟ್ಟಣದ ದಾರಿ

ಬೆಂಗಳೂರಿನ ಗಾಯಕ–ಶಿಕ್ಷಕರ ವಂಶಾವಳಿ ಹುಡುಕುತ್ತ ಹೋದರೆ ಮತ್ತೆ ಮತ್ತೆ ಎದುರಾಗುವ ಊರು ಹಾಸನ ಜಿಲ್ಲೆ ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ. ಕಾವೇರಿ ದಡದ ಚಿಕ್ಕ ಅಗ್ರಹಾರ. ಹೆಸರಿನ ಮೊದಲಕ್ಷರ 'ಆರ್' ಆಗಿರುವ ಸಂಗೀತಗಾರರು ಈ ನಾಡಿನಲ್ಲಿ ಇಷ್ಟೊಂದು ಮಂದಿ ಇರುವುದಕ್ಕೆ ಆ ಊರೇ ಕಾರಣ.

ಅವರಲ್ಲಿ ಮುಖ್ಯರು ಆರ್.ಕೆ. ಶ್ರೀಕಂಠನ್ (14 ಜನವರಿ 1920 – 17 ಫೆಬ್ರವರಿ 2014). ತಂದೆ ಕೃಷ್ಣಶಾಸ್ತ್ರಿಗಳು ಹರಿಕಥೆ ವಿದ್ವಾಂಸರು. ಮಾತು, ಕಥೆ, ಹಾಡು ಮೂರೂ ಒಂದಾದ ಆ ಕಲೆಯ ಮನೆಯಲ್ಲಿ ಬೆಳೆದದ್ದು ಶ್ರೀಕಂಠನ್ ಅವರ ಸಾಹಿತ್ಯಶುದ್ಧಿಯಲ್ಲಿ ಕೊನೆಯವರೆಗೆ ಕೇಳಿಸುತ್ತಿತ್ತು. ಅಣ್ಣ ವೆಂಕಟರಾಮಶಾಸ್ತ್ರಿಗಳು ಪಿಟೀಲು ವಿದ್ವಾಂಸರು. ಸೋದರರಾದ ರಾಮನಾಥನ್, ನಾರಾಯಣಸ್ವಾಮಿ ಗಾಯಕರು. ಶ್ರೀಕಂಠನ್ ಮೈಸೂರಿನಲ್ಲಿ ಓದಿ ಪದವೀಧರರಾದರು. ಆ ಕಾಲದ ಮೈಸೂರು ಎಂದರೆ ವಾಸುದೇವಾಚಾರ್ಯರು, ಮುತ್ತಯ್ಯ ಭಾಗವತರು, ಪಿಟೀಲು ಚೌಡಯ್ಯನವರು ಇದ್ದ ಊರು. ಆಸ್ಥಾನದ ಕಚೇರಿ ಕೇಳಲು ಆಗದವರಿಗೆ ರಾಮನವಮಿಯ ಪೆಂಡಾಲುಗಳಿದ್ದವು.

ಶ್ರೀಕಂಠನ್ ಅವರ ವೃತ್ತಿ ಆಕಾಶವಾಣಿ. 'ಆಕಾಶವಾಣಿ' ಎಂಬ ಹೆಸರೇ ಮೈಸೂರಿನದು. ಮಹಾರಾಜ ಕಾಲೇಜಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಆರಂಭಿಸಿದ ಬಾನುಲಿ ಕೇಂದ್ರದಿಂದ ಬಂದದ್ದು. 1955ರ ನವೆಂಬರಿನಲ್ಲಿ ಕೇಂದ್ರ ಬೆಂಗಳೂರಿಗೆ ಬಂದಾಗ ಶ್ರೀಕಂಠನ್ ಕೂಡ ಬೆಂಗಳೂರಿಗೆ ಬಂದರು. ಮೂರು ದಶಕಗಳ ಸೇವೆಯ ಬಳಿಕ 1979ರಲ್ಲಿ ನಿವೃತ್ತರಾದರು. ಅಲ್ಲಿ ಅವರು ನಡೆಸಿಕೊಟ್ಟ 'ಗಾನವಿಹಾರ' ಬಾನುಲಿಯ ಸಂಗೀತ ಪಾಠ. ಇತ್ತ ಸ್ಟುಡಿಯೋದಲ್ಲಿ ವಿದ್ವಾಂಸರು ಸಾಲು ಸಾಲಾಗಿ ಹೇಳಿಕೊಡುತ್ತಿದ್ದರೆ ಅತ್ತ ಎಷ್ಟೋ ಊರುಗಳ ಅಡುಗೆಮನೆಗಳಲ್ಲಿ, ಹಜಾರಗಳಲ್ಲಿ, ರೇಡಿಯೋ ಮುಂದೆ ಕೂತವರು ತಿರುಗಿ ಹಾಡುತ್ತಿದ್ದರು. ಒಬ್ಬರ ಮುಖ ಒಬ್ಬರಿಗೆ ಕಾಣದ ಗೋಷ್ಠಿ ಅದು, ಬಹುಶಃ ಕರ್ನಾಟಕ ಕಂಡ ಅತಿ ದೊಡ್ಡ ಗೋಷ್ಠಿ. ಆ ಪಾಠ ಕೇಳಿ ಕಲಿತ ತಲೆಮಾರೇ ಮುಂದೆ ದಕ್ಷಿಣ ಬೆಂಗಳೂರಿನ ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಿಕೊಂಡು ಭಜನಾ ಮಂಡಳಿಗಳನ್ನು ಕಟ್ಟಿತು.

ಶ್ರೀಕಂಠನ್ ಅವರಿಗೆ 1995ರಲ್ಲಿ ಮದ್ರಾಸ್ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ, 2011ರಲ್ಲಿ ಪದ್ಮಭೂಷಣ ದೊರೆತವು. ಆದರೆ ಅವರ ವೃತ್ತಿಜೀವನದಲ್ಲಿ ಪ್ರಶಸ್ತಿಗಳಿಗಿಂತ ಬೆರಗಿನ ಸಂಗತಿ ಅವರ ದನಿಯ ಆಯುಸ್ಸು. ತೊಂಬತ್ತು ದಾಟಿದ ಮೇಲೂ ಪೂರ್ಣ ಕಚೇರಿ ಮಾಡಿದರು. ಅವರು ತಯಾರು ಮಾಡಿದವರಲ್ಲಿ ಮಗ ಆರ್.ಎಸ್. ರಮಾಕಾಂತ್, ಎಂ.ಎಸ್. ಶೀಲಾ, ಟಿ.ಎಸ್. ಸತ್ಯವತಿ ಇದ್ದಾರೆ. ಸುಗಮ ಸಂಗೀತದ ರತ್ನಮಾಲಾ ಪ್ರಕಾಶ್ ಇದೇ ಶ್ರೀಕಂಠನ್ ಅವರ ಮಗಳು ಎಂಬುದು ಅನೇಕರಿಗೆ ಹೊಳೆಯುವುದಿಲ್ಲ. ಭಾವಗೀತೆಯ ಮಾತನ್ನು ಆಕೆ ಉಚ್ಚರಿಸುವ ಸ್ಪಷ್ಟತೆಯನ್ನು ಕೇಳಿದರೆ ಹರಿಕಥೆಯ ಅಜ್ಜನವರೆಗೆ ಒಂದು ಗೆರೆ ಎಳೆಯಬಹುದು.

ಆರ್.ಕೆ. ನಾರಾಯಣಸ್ವಾಮಿಯವರ ಮಕ್ಕಳಾದ ಆರ್.ಎನ್. ತ್ಯಾಗರಾಜನ್ ಮತ್ತು ಆರ್.ಎನ್. ತಾರಾನಾಥನ್ 'ರುದ್ರಪಟ್ಟಣಂ ಸಹೋದರರು' ಎಂದೇ ಹೆಸರಾದರು. ಇಬ್ಬರ ಜೋಡಿಗಾಯನವೂ ಗೋಷ್ಠಿಯ ಅತಿ ಚಿಕ್ಕ ರೂಪವೇ. ಯಾರು ಎಲ್ಲಿ ಎತ್ತಿಕೊಳ್ಳಬೇಕು, ಎಲ್ಲಿ ಬಿಟ್ಟುಕೊಡಬೇಕು ಎಂಬ ಲೆಕ್ಕ ಅದರಲ್ಲೂ ಇದೆ. ತಾರಾನಾಥನ್ ಮೈಸೂರಿನ ಸಿ.ಎಫ್.ಟಿ.ಆರ್.ಐ.ನಲ್ಲಿ ವಿಜ್ಞಾನಿಯಾಗಿದ್ದರು.

ದೊಡ್ಡ ಗೋಷ್ಠಿಗಳ ಮಾತು ಬಂದಾಗ ಇಂದಿನ ಕೇಳುಗರಿಗೆ ಮೊದಲು ನೆನಪಾಗುವ ಹೆಸರು ಆರ್.ಕೆ. ಪದ್ಮನಾಭ ಅವರದು. ಅವರೂ ರುದ್ರಪಟ್ಟಣದವರು, ಬೆಂಗಳೂರಿನಲ್ಲಿ ನೆಲೆಸಿ ಬಹುದೊಡ್ಡ ಶಿಷ್ಯವರ್ಗ ಬೆಳೆಸಿದವರು. ಹಯವದನ ಅಂಕಿತದ ವಾದಿರಾಜರ ರಚನೆಗಳು ಮಠಗಳ ನಿತ್ಯಪಾಠದಲ್ಲಿ ಉಳಿದಿದ್ದವು, ಕಚೇರಿಯಲ್ಲಿ ಅಪರೂಪವಾಗಿದ್ದವು. ಪದ್ಮನಾಭ ಅವುಗಳನ್ನು ರಾಗತಾಳಕ್ಕೆ ಹೊಂದಿಸಿ, ಕಲಿಸಿ, ಗುಂಪುಗಳಿಂದ ಹಾಡಿಸಿ ಹರಡಿದರು. ಹುಟ್ಟೂರಿನಲ್ಲಿ ತಂಬೂರಿಯ ಆಕಾರದ ಸಪ್ತಸ್ವರ ದೇವತಾ ಧ್ಯಾನಮಂದಿರ ಎದ್ದು ನಿಂತದ್ದು, ಅಲ್ಲಿ ವರ್ಷವರ್ಷವೂ ಸಂಗೀತೋತ್ಸವ ನಡೆಯುವಂತಾದದ್ದು ಅವರ ಪ್ರಯತ್ನದಿಂದ. ಊರು ಬಿಟ್ಟು ನಗರಕ್ಕೆ ಬಂದ ಸಂಗೀತ ಮತ್ತೆ ಊರಿಗೆ ಮರಳಿದ ಅಪರೂಪದ ಉದಾಹರಣೆ ಇದು.

ಬಡಾವಣೆಗಳು, ಸಭೆಗಳು, ಒಬ್ಬ ಅರಸ

ಜಯನಗರಕ್ಕೆ ಶಂಕುಸ್ಥಾಪನೆ ಆದದ್ದು 1948ರ ಆಗಸ್ಟ್ 20ರಂದು, ಗವರ್ನರ್ ಜನರಲ್ ರಾಜಗೋಪಾಲಾಚಾರಿಯವರಿಂದ. ಬಡಾವಣೆಗೆ ಇಟ್ಟದ್ದು ಜಯಚಾಮರಾಜ ಒಡೆಯರ ಹೆಸರು. ಅದೇ 1948ರಲ್ಲಿ ಅದೇ ಒಡೆಯರು ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. ರಿಚರ್ಡ್ ಸ್ಟ್ರೌಸ್ ತೀರಿಕೊಳ್ಳುವ ಮೊದಲು ಬರೆದ ನಾಲ್ಕು ಕೊನೆಯ ಹಾಡುಗಳು 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಸಲ ಕೇಳಿಬಂದದ್ದು ಮೈಸೂರು ಅರಸರ ಹಣದ ಭರವಸೆಯಿಂದ. ಹಾಡಿದವರು ಕರ್ಸ್ಟನ್ ಫ್ಲಾಗ್‌ಸ್ಟಾಡ್, ನಡೆಸಿದವರು ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್. ಪಾಶ್ಚಾತ್ಯ ವಾದ್ಯಮೇಳದ ಒಳಹೊರಗು ಬಲ್ಲ ಆ ಅರಸರು ತಾವು ಕೃತಿ ರಚಿಸಲು ಕೂತಾಗ ಆರಿಸಿಕೊಂಡದ್ದು ಕರ್ನಾಟಕ ಸಂಗೀತವನ್ನು; ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿಗಳು. ಕಂಡಕ್ಟರನ ಕಡ್ಡಿಯನ್ನೂ ವೀಣೆಯ ತಂತಿಯನ್ನೂ ಒಂದೇ ಅಕ್ಕರೆಯಿಂದ ಕಂಡವರ ಹೆಸರು ಹೊತ್ತ ಬಡಾವಣೆಯಲ್ಲಿ ಹಾಡುವವರಿಗೂ ಹಾಡಿಸುವವರಿಗೂ ನೆಲೆ ಸಿಕ್ಕಿದ್ದು ಚೆಂದದ ಕಾಕತಾಳೀಯ.

ಸಭೆಗಳ ಮೂಲ ಮಾತ್ರ ಜಯನಗರಕ್ಕಿಂತ ಹಳೆಯದು. ಕೃಷ್ಣರಾಜೇಂದ್ರ ರಸ್ತೆಯ ಬೆಂಗಳೂರು ಗಾಯನ ಸಮಾಜ 1905ರದು. ಚಾಮರಾಜಪೇಟೆಯ ರಾಮಸೇವಾ ಮಂಡಳಿಯ ರಾಮನವಮಿ ಉತ್ಸವ 1939ರದು. ನಗರ ದಕ್ಷಿಣಕ್ಕೆ ಬೆಳೆದಂತೆ ಕೇಳುಗರೂ ದಕ್ಷಿಣಕ್ಕೆ ಸರಿದರು. ವಿದ್ವಾನ್ ಜಿ. ವೇದಾಂತ ಅಯ್ಯಂಗಾರ್ ಅವರು 1955ರಲ್ಲಿ ಸ್ಥಾಪಿಸಿದ ಶ್ರೀರಾಮ ಲಲಿತಕಲಾ ಮಂದಿರ ಬನಶಂಕರಿ ಎರಡನೇ ಹಂತದಲ್ಲಿ ನೆಲೆಯಾಗಿ ಪಾಠ, ಕಚೇರಿ, ಉತ್ಸವಗಳ ಕೇಂದ್ರವಾಯಿತು. ಜಯನಗರ ಒಂಬತ್ತನೇ ಬ್ಲಾಕಿನ ರಾಗಿಗುಡ್ಡ ಆಂಜನೇಯನ ಸನ್ನಿಧಿಯ ಹನುಮಜ್ಜಯಂತಿ ಸಂಗೀತೋತ್ಸವಕ್ಕೆ ಜನ ಬೆಟ್ಟ ಹತ್ತಿ ಬರುತ್ತಾರೆ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಮೊದಲಕ್ಷರ ಸೇರಿ ಹುಟ್ಟಿದ ಬಿ.ಟಿ.ಎಂ. ಬಡಾವಣೆಯಲ್ಲಿ ದೊಡ್ಡ ಸಭಾಂಗಣಗಳಿಗಿಂತ ಗುಡಿಯ ಹಜಾರಗಳೇ ಸಂಗೀತದ ಜಾಗ.

ಶಾಸ್ತ್ರೀಯದ ಅಂಚಿನಲ್ಲಿ

ಶಾಸ್ತ್ರೀಯ ತರಬೇತಿ ಪಡೆದು ಗುಂಪುಗಳನ್ನು ನಡೆಸಿದ, ಆದರೆ ಕಚೇರಿ ಪದ್ಧತಿಯ ಹೊರಗೆ ನಿಂತ ಇಬ್ಬರನ್ನು ಬಿಡಲಾಗದು. ಸಿ. ಅಶ್ವತ್ಥ್ (1939–2009) ಹಾಸನ ಜಿಲ್ಲೆಯ ಚನ್ನರಾಯಪಟ್ಟಣದಲ್ಲಿ ಹುಟ್ಟಿ, ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಓದಿ, ದೇವಗಿರಿ ಶಂಕರ ಜೋಶಿಯವರಲ್ಲಿ ಹಿಂದುಸ್ತಾನಿ ಕಲಿತವರು. ಐ.ಟಿ.ಐ. ಕಾರ್ಖಾನೆಯಲ್ಲಿ 27 ವರ್ಷ ಉದ್ಯೋಗ. 2005ರ ಏಪ್ರಿಲಿನಲ್ಲಿ ಅರಮನೆ ಮೈದಾನದಲ್ಲಿ ಅವರು ನಡೆಸಿದ 'ಕನ್ನಡವೇ ಸತ್ಯ' ಕಾರ್ಯಕ್ರಮಕ್ಕೆ ಸೇರಿದ ಜನಸಾಗರ ಕನ್ನಡದ ಯಾವ ಗೀತಗಾಯನಕ್ಕೂ ಅದುವರೆಗೆ ಸೇರಿರಲಿಲ್ಲ. ಹಾಡುತ್ತ, ಕೈ ಬೀಸುತ್ತ, ಮೇಳವನ್ನು ಮೈಯಿಂದಲೇ ಎಳೆದೊಯ್ಯುತ್ತಿದ್ದ ಅವರ ರೀತಿಯನ್ನು ಕಂಡವರು ಗಾಯಕನೂ ನಿರ್ವಾಹಕನೂ ಒಬ್ಬನೇ ಆಗುವುದೆಂದರೇನೆಂದು ಅರಿತರು. ಎನ್.ಆರ್. ಕಾಲೊನಿಯ ಕಲಾಭವನಕ್ಕೆ ಈಗ ಅವರ ಹೆಸರಿದೆ.

ಬಿ.ವಿ. ಕಾರಂತರದು ರಂಗಭೂಮಿಯ ದಾರಿ. ಕಾಶಿಯಲ್ಲಿ ಓಂಕಾರನಾಥ ಠಾಕೂರರಲ್ಲಿ ಕಲಿತು ಬಂದ ಅವರು ಬೆನಕ ತಂಡದ ನಾಟಕಗಳಲ್ಲಿ ನಟರನ್ನೇ ಮೇಳವಾಗಿಸಿದರು. ಶ್ರೀರಂಗರ 'ಸತ್ತವರ ನೆರಳು' ನಾಟಕದಲ್ಲಿ ದಾಸರ ಪದಗಳನ್ನು ಹಾಡಿದವರು ಸಂಗೀತ ಪರೀಕ್ಷೆ ಪಾಸಾದವರಲ್ಲ, ದಿನದ ಕೆಲಸ ಮುಗಿಸಿ ತಾಲೀಮಿಗೆ ಬಂದ ಹವ್ಯಾಸಿಗಳು. ಶ್ರುತಿ ಒಂಚೂರು ಆಚೀಚೆ ಆದರೂ ಭಾವ ಕೂಡಬೇಕು ಎಂಬುದು ಆ ಮೇಳದ ಧರ್ಮ. ಜೆ.ಪಿ. ನಗರದಲ್ಲಿ 2004ರಲ್ಲಿ ರಂಗಶಂಕರ ತೆರೆದ ಮೇಲೆ ಆ ರಂಗಸಂಗೀತಕ್ಕೆ ದಕ್ಷಿಣ ಬೆಂಗಳೂರಿನಲ್ಲೇ ಒಂದು ಕಾಯಂ ವೇದಿಕೆ ಸಿಕ್ಕಿತು.

ಕಡ್ಡಿ ಹಿಡಿದು ನಿಲ್ಲುವ ಮಾದರಿಯೂ ನಮ್ಮ ದೇಶಕ್ಕೆ ಬಂದು ನೋಡಿದೆ. 1952ರಲ್ಲಿ ಆಕಾಶವಾಣಿ ದೆಹಲಿಯಲ್ಲಿ ಕಟ್ಟಿದ ವಾದ್ಯವೃಂದವನ್ನು ಪಂಡಿತ್ ರವಿಶಂಕರ್ ಮತ್ತು ಟಿ.ಕೆ. ಜಯರಾಮ ಅಯ್ಯರ್ ನಡೆಸಿದರು. ಎಂ.ಬಿ. ಶ್ರೀನಿವಾಸನ್ ಮದ್ರಾಸಿನಲ್ಲಿ ಯುವಕರ ವೃಂದಗಾನ ತಂಡ ಕಟ್ಟಿ, ದನಿಗಳನ್ನು ಬೇರೆ ಬೇರೆ ಪದರಗಳಾಗಿ ಹಂಚಿ ಹಾಡಿಸಿದರು. ಶಾಲೆಗಳ ಸಮೂಹಗಾನಕ್ಕೆ ಅದರಿಂದ ಲಾಭವಾಯಿತು. ಆರಾಧನೆಯ ಗೋಷ್ಠಿ ಮಾತ್ರ ಆ ಪದರಗಳನ್ನು ಒಪ್ಪಲಿಲ್ಲ. ರಾಗದ ಒಂದು ಗೆರೆಯನ್ನೇ ಎಲ್ಲರೂ ಹಿಡಿದು ನಡೆಯುವುದು ಅದರ ಹಟ.

ಜೀವನೋಪಾಯ

ಬರಿಯ ಕಚೇರಿಗಳಿಂದ ಸಂಸಾರ ನಡೆಸಿದ ಗಾಯಕರು ಎಲ್ಲ ಕಾಲದಲ್ಲೂ ಬೆರಳೆಣಿಕೆಯವರು. ದಕ್ಷಿಣ ಬೆಂಗಳೂರಿನ ವಿದ್ವಾಂಸರ ಬದುಕಿಗೆ ಮೂರು ಕಾಲು: ಒಂದು ಉದ್ಯೋಗ ಅಥವಾ ಮನೆಯವರ ಆಸರೆ, ಆಕಾಶವಾಣಿಯ ಗ್ರೇಡು, ಮನೆಪಾಠ. ಬಿ, ಬಿ-ಹೈ, ಎ, ಎ-ಟಾಪ್ ಎಂಬ ಆಕಾಶವಾಣಿಯ ಶ್ರೇಣಿ ಹೆಸರಿನ ಜೊತೆಗೆ ಅಂಟಿಕೊಂಡು ಸಭೆಗಳ ಸಂಭಾವನೆಯನ್ನೂ ತಕ್ಕಮಟ್ಟಿಗೆ ನಿರ್ಧರಿಸುತ್ತದೆ. ಪಾಠ ಮಾತ್ರ ದಿನನಿತ್ಯದ ಅನ್ನ. ಸಂಜೆ ಶಾಲೆ ಬಿಟ್ಟ ಮಕ್ಕಳು ಸರಳೆ ವರಸೆ, ಜಂಟಿ ವರಸೆ, ಪಿಳ್ಳಾರಿ ಗೀತೆಗಳಿಗೆ ಬರುತ್ತಾರೆ. ಬೆಳಗ್ಗೆ ಹನ್ನೊಂದರ ಹೊತ್ತಿಗೆ ಗೃಹಿಣಿಯರು, ನಿವೃತ್ತರು ದೇವರನಾಮಕ್ಕೆ. ಸರ್ಕಾರದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳ ಕಾಲ ಬಂತೆಂದರೆ ಮನೆ ತುಂಬ ತಂಬೂರಿ. ಈಗ ಅಮೆರಿಕದಲ್ಲಿರುವ ಕನ್ನಡ ಮಕ್ಕಳಿಗೆ ನಸುಕಿನಲ್ಲೇ ಆನ್‌ಲೈನ್ ಪಾಠ ನಡೆಯುತ್ತದೆ. ಆದರೆ ಅಂತರ್ಜಾಲದಲ್ಲಿ ಗೋಷ್ಠಿ ಸಾಧ್ಯವಿಲ್ಲ. ದನಿ ಅತ್ತಿಂದಿತ್ತ ತಲುಪುವ ತಡ ಮೈದಾನದ ಕೊನೆಯ ಸಾಲಿನದಕ್ಕಿಂತ ಹೆಚ್ಚು. ಕೈ ಎತ್ತಿ ತೋರಿಸಿದರೂ ಕೈಯೇ ತಡವಾಗಿ ಕಾಣುತ್ತದೆ. ಕೊರೊನಾ ಕಾಲದಲ್ಲಿ ಪ್ರತಿಯೊಬ್ಬರೂ ಮನೆಯಲ್ಲಿ ಒಂಟಿಯಾಗಿ ಹಾಡಿ ಕಳಿಸಿದ್ದನ್ನು ಆಮೇಲೆ ಜೋಡಿಸುವ ಉಪಾಯ ಮಾಡಬೇಕಾಗಿ ಬಂದದ್ದು ಇದರಿಂದಲೇ.

ಈ ಬೆಳಗಿನ ದೇವರನಾಮದ ಗುಂಪುಗಳೇ ಗೋಷ್ಠಿಯ ಬೆನ್ನೆಲುಬು. ಇವರಲ್ಲಿ ಅನೇಕರು ತಿರುಪತಿ ದೇವಸ್ಥಾನದ ದಾಸಸಾಹಿತ್ಯ ಪ್ರಾಜೆಕ್ಟಿನ ಮೆಟ್ಟಿಲೋತ್ಸವಕ್ಕೆ ಸಮವಸ್ತ್ರದ ಸೀರೆಯುಟ್ಟು ಹೋಗಿ ಹಾಡಿ ಬರುವವರು. ಕಚೇರಿ ಮಾಡುವ ಆಸೆ ಅವರಿಗಿಲ್ಲ. ಐವತ್ತರ ಮೇಲೆ ಶ್ರುತಿ ಹಿಡಿಯಲು ಕಲಿತವರನ್ನು ಒಟ್ಟಿಗೆ ಸ್ವರಕ್ಕೆ ನಿಲ್ಲಿಸಬಲ್ಲ ಗುರುವಿಗೆ ಪತ್ರಿಕೆಯ ವಿಮರ್ಶೆಯಲ್ಲಿ ಒಂದು ಸಾಲೂ ಸಿಗುವುದಿಲ್ಲ. ಸಂಗೀತ ವಿಮರ್ಶೆಯ ಈ ಕುರುಡು ಸರಿಹೋಗಬೇಕು. ಒಬ್ಬ ವಿದ್ವಾಂಸರ ಸಾಧನೆಯನ್ನು ಅಳೆಯುವಾಗ ಅವರ ರಾಗಾಲಾಪನೆಯ ಜೊತೆಗೆ ಅವರ ಪಾಠದ ಮನೆಯಿಂದ ಎಷ್ಟು ಮಂದಿ ಹಾಡಿಕೊಂಡು ಹೊರಬಂದರೆಂಬುದನ್ನೂ ಎಣಿಸಬೇಕು.

ಈ ನಾಯಕರ ವರ್ಷದಲ್ಲಿ ಎಲ್ಲಕ್ಕಿಂತ ಬಿಗಿಯಾದ ಕಾಲ ಪುಷ್ಯ ಮಾಸದ ಕೃಷ್ಣಪಕ್ಷ. ಬಹುಳ ಪಂಚಮಿ ತ್ಯಾಗರಾಜರ ಆರಾಧನೆ, ಅಮಾವಾಸ್ಯೆ ಪುರಂದರದಾಸರದು. ನಡುವೆ ಹತ್ತು ದಿನ. ಪಂಚಮಿಯ ಬೆಳಗ್ಗೆ ಒಂದು ಗುಡಿಯಲ್ಲಿ ಪಂಚರತ್ನ ಮುಗಿಸಿ, ಮಧ್ಯಾಹ್ನ ಇನ್ನೊಂದು ಬಡಾವಣೆಯಲ್ಲಿ ಅವನ್ನೇ ಮತ್ತೆ ಹಾಡಿಸಿ, ಮರುದಿನದಿಂದಲೇ ಅದೇ ಶಿಷ್ಯರನ್ನು ಕೂರಿಸಿಕೊಂಡು ತೆಲುಗಿನಿಂದ ಕನ್ನಡಕ್ಕೆ, ಪಂಚರತ್ನದಿಂದ ನವರತ್ನಕ್ಕೆ ಹೊರಳಬೇಕು. ಚಳಿಗೆ ಗಂಟಲು ಕಟ್ಟಿರುತ್ತದೆ, ಜ್ಯೇಷ್ಠಮಧು ಬಾಯಲ್ಲಿ. ಯಾರೋ ಹೊಸದಾಗಿ ಸೇರಿದವರು ಪುಸ್ತಕ ತಂದಿಲ್ಲ, ಇನ್ನಾರಿಗೋ ಮೂರನೆಯ ಚರಣ ಮರೆತಿದೆ. ಶ್ರುತಿಪೆಟ್ಟಿಗೆಯನ್ನು ಐದಕ್ಕೆ ಇಟ್ಟು, ಎದುರಿಗೆ ಕೂತವರನ್ನು ಒಮ್ಮೆ ನೋಡಿ, ಅರ್ಧ ಮನೆ ಏರಿಸಿ, ಗುರುಗಳು ತೊಡೆಯ ಮೇಲೆ ಮೊದಲ ಘಾತ ಹಾಕುತ್ತಾರೆ.